ಬಲಗಡೆಯೋ ಎಡಗಡೆಯೋ

ಕಿರ್ಗಿಜರ ನಾಡಿನ ತಲಾಸ್ ಕಣಿವೆಯ ಆ ಜರ್ಮನ್ ಕ್ರೈಸ್ತರ ಹಳ್ಳಿಯಲ್ಲಿ ನ್ಯಾಯತೀರ್ಪಿನ ದಿನಕ್ಕಾಗಿ ಯುಸ್ಟೀನಾಳಷ್ಟು ಆಸೆಯಿಂದ ಕಾದವರು ಇನ್ನೊಬ್ಬರಿರಲಿಲ್ಲ. ಸಭೆಯಲ್ಲಿ ಆ ದಿನದ ಮಾತು ಬಂದರೆ ಉಳಿದವರು ತಲೆ ತಗ್ಗಿಸುತ್ತಿದ್ದರು, ಈಕೆ ತಲೆ ಎತ್ತುತ್ತಿದ್ದಳು.

ಸಾವಿರದ ಒಂಬೈನೂರ ಮೂವತ್ತೆಂಟರ ಫೆಬ್ರವರಿಯಲ್ಲಿ ಸರ್ಕಾರದ ಪೊಲೀಸರು ಅವಳ ಗಂಡ ಡೀಟ್ರಿಖ್‌ನನ್ನು ಹಿಡಿದೊಯ್ದಿದ್ದರು. ಅವನು ಸಭೆಯ ಬೋಧಕ. ಸರ್ಕಾರದ ನಿಷೇಧವಿದ್ದುದರಿಂದ ಕದ ಮುಚ್ಚಿ ನಡೆಸಿದ ಆರಾಧನೆಯಲ್ಲಿ ಬೈಬಲ್ಲಿನ ದಾನಿಯೇಲನ ಗ್ರಂಥ ತೆರೆದು, ಬೆಟ್ಟದಿಂದ ಬಂದ ಬಂಡೆ ಮಹಾವಿಗ್ರಹವನ್ನು ಪುಡಿಮಾಡುವ ಕನಸನ್ನು ವಿವರಿಸಿದ್ದ. ಲೋಕದ ರಾಜ್ಯಗಳೆಲ್ಲ ಕಣದ ಹೊಟ್ಟಿನಂತೆ ಹಾರಿಹೋಗುತ್ತವೆ, ಉಳಿಯುವುದು ಕರ್ತನ ರಾಜ್ಯ ಒಂದೇ ಎಂದಿದ್ದ. ಅದನ್ನು ಕೇಳಿದವರು ಹದಿಮೂರು ಜನ. ಹತ್ತೇ ದಿನದಲ್ಲಿ ಆ ಮಾತು ಸರ್ಕಾರದ ಕಾಗದಕ್ಕೇರಿ, ಕೆಳಗೆ ಯಾರದೋ ಸಹಿಯೂ ಬಿದ್ದಿತ್ತು. ಡೀಟ್ರಿಖ್ ಮರಳಲಿಲ್ಲ. ಅವನನ್ನು ಎಲ್ಲಿ ಹೂತರೆಂಬುದೂ ತಿಳಿಯಲಿಲ್ಲ.

ಕುರುಬ ಕುರಿ ಆಡುಗಳನ್ನು ಬೇರ್ಪಡಿಸುವಂತೆ, ನ್ಯಾಯತೀರ್ಪಿನ ದಿನ ಕರ್ತ ನೀತಿವಂತರನ್ನು ಬಲಗಡೆ, ಪಾಪಿಗಳನ್ನು ಎಡಗಡೆ ನಿಲ್ಲಿಸುತ್ತಾನೆಂದು ಬೈಬಲ್ ಹೇಳುತ್ತದೆ. ಸಹಿ ಹಾಕಿದವನು ಯಾರೇ ಆಗಲಿ, ಆ ದಿನ ಆಡುಗಳ ಜೊತೆ ಎಡಗಡೆ ನಿಲ್ಲುತ್ತಾನೆ, ಅದನ್ನು ತಾನು ಕಣ್ಣಾರೆ ನೋಡುತ್ತೇನೆ ಎಂಬ ಒಂದೇ ನಂಬಿಕೆಯಲ್ಲಿ ಅವಳು ಮೂರು ಮಕ್ಕಳನ್ನು ಸಾಕಿದಳು. ಸಾಮೂಹಿಕ ಜಮೀನಿನಲ್ಲಿ ಹೊಗೆಸೊಪ್ಪು ಮುರಿದು ಬೆರಳು ಕಪ್ಪಾಗಿಸಿಕೊಂಡಳು.

ಮೊದಲ ಚಳಿಗಾಲದಲ್ಲಿ ಅವಳ ಅಂಗಳಕ್ಕೆ ಕಾಲಿಡಲು ಊರೇ ಹೆದರಿತ್ತು. ಆಗ ಬಂದವನು ಸಭೆಯ ಹಾಡಿನ ತಂಡ ನಡೆಸುತ್ತಿದ್ದ ಗೆರ್ಹಾರ್ಡ್ ಒಬ್ಬನೇ. ಒಲೆಗೆ ಒಂದು ಬುಟ್ಟಿ ಕುಳ್ಳು, ಅರ್ಧ ಚೀಲ ಜೋಳದ ಹಿಟ್ಟು ಬಾಗಿಲಲ್ಲಿಟ್ಟು ನಿಲ್ಲದೆ ಹೋದ. ಆಮೇಲೆ ಯಾವ ಚಳಿಗಾಲವನ್ನೂ ತಪ್ಪಿಸಲಿಲ್ಲ. ಅವಳು ಒಮ್ಮೆ, “ಹಸಿದವರಿಗೆ ಕೊಟ್ಟಿದ್ದೀಯಪ್ಪ, ಕರ್ತನ ಬಲಗಡೆ ನಿನಗೆ ಜಾಗ ಇದ್ದೇ ಇದೆ” ಎಂದಾಗ, “ಹಾಗನ್ನಬೇಡ ಯುಸ್ಟೀನಕ್ಕ” ಎಂದು ಮುಖ ತಿರುಗಿಸಿದ್ದ. ಎಂಥ ವಿನಯ ಎಂದುಕೊಂಡಿದ್ದಳು.

ಅರವತ್ತೇಳರ ವಸಂತದಲ್ಲಿ ಗೆರ್ಹಾರ್ಡ್ ಹೊಟ್ಟೆಯ ಹುಣ್ಣಿನಿಂದ ಹಾಸಿಗೆ ಹಿಡಿದ. ನೀವು ಬರಬೇಕಂತೆ ಎಂದು ಅವನ ಮಗಳು ಲೀಸ್ಬೆತ್ ಕರೆಯಲು ಬಂದಳು. ಯುಸ್ಟೀನಾ ಎಲೆಕೋಸಿನ ಸಾರು ಮಾಡಿ ತೆಗೆದುಕೊಂಡು ಹೋದಳು. ಅವನು ಮಗಳನ್ನು ಹೊರಗೆ ಕಳಿಸಿದ.

“ಆ ಸಹಿ ನಂದು.”

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. “ಯಾವ ಸಹಿ?”

“ದಾನಿಯೇಲನ ಪ್ರಸಂಗದ್ದು. ಡೀಟ್ರಿಖ್ ಹೀಗಂದನಾ ಅಂತ ಕೇಳಿದ್ರು. ಅಂದದ್ದು ನಿಜ ತಾನೆ, ಹೂಂ ಅಂದೆ. ಲೀಸ್ಬೆತ್ ಆಗ ಹೊಟ್ಟೇಲಿದ್ಲು. ನಿನ್ನ ಹೆಂಡ್ತೀನೂ ಕರೆಸ್ತೀವಿ ಅಂದ್ರು.”

ಸಾರಿನ ಪಾತ್ರೆ ಅವಳ ಕೈಯಲ್ಲೇ ಇತ್ತು. ಅದನ್ನು ಮೆಲ್ಲಗೆ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ನಡೆದಳು.

ನೇರ ಹೋದದ್ದು ಸಭೆಯ ಹಿರಿಯ ಐಸಾಕರ ಮನೆಗೆ. ಅವರು ಜರ್ದಾಳು ಗಿಡಕ್ಕೆ ಪಾತಿ ಮಾಡುತ್ತಿದ್ದರು. ಅವಳ ಮಾತು ಕೇಳಿದ ಮೇಲೆ ಸನಿಕೆ ಬಿಟ್ಟು ನೆಲದ ಮೇಲೇ ಕುಳಿತರು.

“ಅವನು ಎಡಗಡೆಯೋ ಬಲಗಡೆಯೋ, ಅಷ್ಟು ಹೇಳಿ” ಎಂದಳು. “ನನ್ನ ಗಂಡನ್ನ ಕೊಟ್ಟವನೂ ಅವನೇ, ನನ್ನ ಮಕ್ಕಳಿಗೆ ಹಿಟ್ಟು ಕೊಟ್ಟವನೂ ಅವನೇ. ಕರ್ತ ಒಬ್ಬನನ್ನ ಸೀಳಿ ಎರಡೂ ಕಡೆ ನಿಲ್ಲಿಸ್ತಾನಾ?”

ಐಸಾಕರು ನಿಧಾನವಾಗಿ ಹೇಳಿದರು. “ಬೈಬಲ್‌ನಲ್ಲಿ ಪೌಲ ಕೊರಿಂಥದವರಿಗೆ ಬರೆದಿದ್ದಾನಲ್ಲಮ್ಮ. ಒಬ್ಬೊಬ್ಬರ ಕೆಲಸಾನೂ ಬೆಂಕೀಲಿ ಹಾಕಿ ನೋಡ್ತಾರೆ. ಚಿನ್ನ ಉಳಿಯುತ್ತೆ, ಹುಲ್ಲು ಸುಡುತ್ತೆ. ಕೆಲಸ ಸುಟ್ಟುಹೋದವನಿಗೆ ಪ್ರತಿಫಲ ಇಲ್ಲ, ಆದ್ರೆ ಅವನು ಬೆಂಕಿ ದಾಟಿ ಬದುಕ್ತಾನೆ.”

“ಅಂದ್ರೆ ಮೈಗೆ ಒಂದಿಷ್ಟು ಹೊಗೆ ವಾಸನೆ ಹತ್ತಿಸ್ಕೊಂಡು ಬರ್ತಾನೆ, ಅಷ್ಟೇನಾ? ನನ್ನ ಡೀಟ್ರಿಖ್ ಪಕ್ಕದಲ್ಲಿ ಕೂತು ಹಾಡ್ತಾನಾ?”

“ಅಷ್ಟೇ ಅಂತ ನಾನಂದ್ನಾ? ಆ ಬೆಂಕಿ ಎಂಥದೋ ನನಗೇನು ಗೊತ್ತು?” ಮುದುಕರು ಕೈಗೆ ಹತ್ತಿದ ಮಣ್ಣು ಉದುರಿಸಿದರು. “ಯುಸ್ಟೀನಾ, ಆ ಹದಿಮೂರು ಜನದಲ್ಲಿ ನಾನೂ ಇದ್ದೆ. ನನ್ನನ್ನ ಕರೆಯಲೇ ಇಲ್ಲ. ಕರೆದಿದ್ರೆ ಏನಂತಿದ್ದೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ.”

ಎರಡು ದಿನ ಅವಳು ಒಲೆ ಹಚ್ಚಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಗೆರ್ಹಾರ್ಡನ ಮನೆಗೆ ಹೋಗಿ ಹಾಸಿಗೆಯ ಪಕ್ಕ ಕುಳಿತಳು. ಅವನ ಮುಖ ಮೇಣದಂತಾಗಿತ್ತು.

“ಕ್ಷಮಿಸಿದೆ ಅನ್ನೋಕೆ ಬಂದಿಲ್ಲ. ಆ ಮಾತು ನನ್ನ ಬಾಯಿಗೆ ಬರಲ್ಲ” ಎಂದಳು. “ಆದ್ರೆ ಆ ದಿನ ಸಾಕ್ಷಿ ಕೇಳಿದ್ರೆ ಎರಡನ್ನೂ ಹೇಳ್ತೀನಿ. ಸಹೀನೂ ಹೇಳ್ತೀನಿ, ಹಿಟ್ಟನ್ನೂ ಹೇಳ್ತೀನಿ. ಒಂದನ್ನೂ ಮುಚ್ಚಿಡಲ್ಲ.”

“ಅಷ್ಟು ಸಾಕಕ್ಕ” ಎಂದ ಅವನು. “ಮುಂಚೆನೇ ಹೇಳಬೇಕಿತ್ತು. ನೀನು ನನ್ನ ಹಿಟ್ಟನ್ನ ಎಸೆದುಬಿಡ್ತೀಯ, ಮಕ್ಕಳು ಹಸೀತಾವೆ ಅಂತ ಹೆದರಿದೆ.”

“ಎಸೀತಿದ್ದೆ” ಎಂದಳು ಯುಸ್ಟೀನಾ. ನೀರು ಕೇಳಿದಾಗ ಚಮಚದಿಂದ ಕುಡಿಸಿದಳು.

ಭಾನುವಾರ ಅವನು ತೀರಿಕೊಂಡ. ಮಣ್ಣು ಮಾಡುವ ಹೊತ್ತಿಗೆ ಪಕ್ಕದ ಹಳ್ಳಿಯ ಕಿರ್ಗಿಜರೂ ಟೊಪ್ಪಿಗೆ ತೆಗೆದು ನಿಂತಿದ್ದರು. ಐಸಾಕರು, “ಯಾರಾದ್ರೂ ಎರಡು ಮಾತಾಡ್ತೀರಾ?” ಎಂದು ಕೇಳಿದರೂ ಯುಸ್ಟೀನಾಳ ಕಡೆ ನೋಡಲಿಲ್ಲ. ಅವಳೇ ಮುಂದೆ ಬಂದಳು. ಎದುರಿಗೆ ಲೀಸ್ಬೆತ್ ಅಪ್ಪನ ಕೋಟನ್ನು ಹೆಗಲ ಮೇಲೆ ಹೊದ್ದು, ಕಣ್ಣು ಊದಿಸಿಕೊಂಡು ನಿಂತಿದ್ದಳು. ಮೂವತ್ತೆಂಟರಲ್ಲಿ ಹೊಟ್ಟೆಯಲ್ಲಿದ್ದ ಮಗು.

“ನನ್ನ ಮನೆಗೆ ಯಾರೂ ಬಾರದಿದ್ದಾಗ ಇವನು ಬಂದ” ಎಂದಳು ಯುಸ್ಟೀನಾ. ಇನ್ನೂ ಹೇಳುವುದಿತ್ತು. ಲೀಸ್ಬೆತ್ ಇವಳನ್ನೇ ನೋಡುತ್ತಿದ್ದಳು. ಹಿಂದಕ್ಕೆ ಸರಿದು ನಿಂತಳು.

ಹಿಂದಿರುಗುವಾಗ ಲೀಸ್ಬೆತ್ ಅವಳ ತೋಳು ಹಿಡಿದು ನಡೆದಳು. “ನೀವು ಬಂದುಹೋದ ಮೇಲೆ ಅಪ್ಪ ನಿರಾಳವಾಗಿ ಮಲಗಿದ್ರು ಅತ್ತೆ. ಏನು ಮಾತಾಡಿದ್ರಿ?”

“ಹಳೇದು ಏನೋ, ನೀನು ಹುಟ್ಟೋಕೆ ಮುಂಚಿಂದು.”

ಮನೆಗೆ ಬಂದು ಬ್ರೆಡ್ಡು ಕತ್ತರಿಸಿ ಪ್ರಾರ್ಥನೆಗೆ ಕೈ ಮುಗಿದಳು. ಕರ್ತನೇ, ಬೇಗ ಬಾ ಎನ್ನಲು ಬಾಯಿ ತೆರೆದವಳಿಗೆ ನಾಲಿಗೆ ಏಳಲಿಲ್ಲ. ಕರ್ತ ಬಂದರೆ ಗೆರ್ಹಾರ್ಡನನ್ನು ಎಬ್ಬಿಸಿ ನಿಲ್ಲಿಸುತ್ತಾನೆ, ಇವಳ ಕಡೆ ತಿರುಗಿ ಸಾಕ್ಷಿ ಹೇಳು ಎನ್ನುತ್ತಾನೆ. ಡೀಟ್ರಿಖ್ ಅಲ್ಲೇ ನಿಂತು ಕೇಳುತ್ತಿರುತ್ತಾನೆ. ಇಪ್ಪತ್ತೊಂಬತ್ತು ವರ್ಷ ಅವಳನ್ನು ಎತ್ತಿ ನಿಲ್ಲಿಸಿದ್ದ ಆ ದಿನ ಈಗ ಅವಳಿಗೆ ಬೇಡವಾಗಿತ್ತು. ಕಾಯಲು ಇನ್ನೇನೂ ಉಳಿಯದೆ, ಗಂಡ ತೀರಿಹೋದನೆಂದು ಅವಳು ಮೊದಲ ಸಲ ಮನಸಾರೆ ಅತ್ತದ್ದು ಅಂದು.