ಪಾಲಿಗೆ ಬಂದ ಡಿಸ್ಕು

ನನ್ನ ತಂಗಿಯ ಮಗಳು ಆ ಹಾರ್ಡ್ ಡಿಸ್ಕನ್ನು ಉಣ್ಣೆಯ ಕಾಲುಚೀಲದೊಳಗೆ ತುರುಕಿಕೊಂಡು ಬಂದಳು. ಮಾತು ಶುರುಮಾಡಿದರೆ ನಿಲ್ಲಿಸುವ ಅಭ್ಯಾಸ ಅವಳಿಗೆ ಹುಟ್ಟಿದಾಗಿನಿಂದ ಇಲ್ಲ, ಅದಕ್ಕೇ ನಾವು ಅವಳನ್ನು ಗುಬ್ಬಿ ಅಂತ ಕರೆಯುತ್ತಿದ್ದದ್ದು. ಈಗ ಅವಳಿಗೇ ಶಾಲೆಗೆ ಹೋಗುವ ಮಗಳಿದ್ದಾಳೆ, ಆದರೂ ಗುಬ್ಬಿ ಗುಬ್ಬಿಯೇ. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು.

"ದೊಡ್ಡಮ್ಮ, ಅಮ್ಮ ಆ ಮನೆ ಖಾಲಿ ಮಾಡಿ ನಮ್ಮ ಜೊತೆಗೇ ಬಂದುಬಿಟ್ಲು. ಸಾಮಾನು ಕಟ್ಟುವಾಗ ಇದು ಸಿಕ್ತು. ನಾನು ಚಿಕ್ಕೋಳಿದ್ದಾಗ ಸೈಕಲ್ ಕಲಿಯೋದನ್ನ ನೀವಿಬ್ರೂ ವಿಡಿಯೋ ಮಾಡಿದ್ರಲ್ಲ, ಅದು ಇದರಲ್ಲಿ ಇದ್ಯಂತೆ. ನಾನು ಸೈಕಲ್ ಹೊಡೀತಿದ್ದೆ ಅಂದ್ರೆ ನನ್ನ ಮಗಳು ಬಿದ್ದು ಬಿದ್ದು ನಗ್ತಾಳೆ. ಅವಳ ಮುಖಕ್ಕೆ ಹಿಡೀಬೇಕು ಆ ವಿಡಿಯೋನ."

"ಡಿಸ್ಕು ಅಮ್ಮನೇ ಕೊಟ್ಟಳಾ, ಇಲ್ಲ ನೀನೇ ಎತ್ಕೊಂಡು ಬಂದ್ಯಾ?"

"ಅಮ್ಮನೇ ಕೊಟ್ಟಿದ್ದು. ಕಾಲುಚೀಲನೂ ಅವಳದೇ. ದೊಡ್ಡಮ್ಮನಿಗೆ ಕೊಡು, ಅವಳಿಗೆ ಗೊತ್ತು ಅಂದ್ಲು."

ಅವಳಿಗೆ ಗೊತ್ತು ಅಂದಳಂತೆ. ಇಷ್ಟು ವರ್ಷಗಳಲ್ಲಿ ನನ್ನ ತಂಗಿ ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು, ಅದೂ ಬೇರೆಯವರ ಬಾಯಲ್ಲಿ. ನನ್ನ ಮುಖ ಗುಬ್ಬಿಗೆ ಕಾಣದಿರಲಿ ಅಂತ ಟೀ ಇಡುವ ನೆಪ ಮಾಡಿ ಒಳಗೆ ಹೋದೆ.

ಇದೇ ಎರಡನೇ ಮಹಡಿಯಲ್ಲಿ, ಟೈರ್ ಅಂಗಡಿಯ ಮೇಲೆ, ನಾವಿಬ್ಬರೂ ವಿಡಿಯೋ ಸ್ಟುಡಿಯೋ ನಡೆಸುತ್ತಿದ್ದೆವು. ಕ್ಯಾಮೆರಾ ಅವಳದು, ಎಡಿಟಿಂಗ್ ನನ್ನದು. ಮದುವೆಗಳು, ಶಾಲೆಯ ನಾಟಕಗಳು, ಫ್ಯಾಕ್ಟರಿಯವರ ಸಭೆಗಳು, ಯಾವುದಕ್ಕೂ ಇಲ್ಲ ಅನ್ನುತ್ತಿರಲಿಲ್ಲ. ಆಮೇಲೆ ಜಗಳವಾಯಿತು. ಅವಳಿಗೆ ದೊಡ್ಡ ರಸ್ತೆಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಬೇಕಿತ್ತು, ನನಗೆ ಬೇಡವಾಗಿತ್ತು. "ನಿನ್ನ ಜೊತೆ ಕೂತೂ ಕೂತೂ ನಂಗೂ ಧೂಳು ಹಿಡೀತಿದೆ" ಅಂದಳು. ನಾನೇನು ಬಾಯಿಗೆ ಬೀಗ ಹಾಕಿಕೊಂಡು ಕೂರುವವಳಲ್ಲ, ನಾನೂ ಅಂದೆ. ಏನಂದೆ ಅಂತ ಇಲ್ಲಿ ಹೇಳುವ ದರ್ದು ನನಗಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನಿಜವೇ ಆಗಿತ್ತು.

ಪಾಲು ಮಾಡಿಕೊಡಲು ನಮ್ಮ ಸೋದರಮಾವ ಬಂದರು. ಮಾವ ಸರ್ವೇಯರ್ ಆಗಿದ್ದವರು. ಜನ್ಮವಿಡೀ ಜಮೀನು ಅಳೆದು ಅಳೆದು, ಏನು ಕಂಡರೂ ನಡುವೆ ಒಂದು ಗೆರೆ ಎಳೆಯುವ ಚಟ ಅವರಿಗೆ ಅಂಟಿಕೊಂಡಿತ್ತು. ಟ್ರೈಪಾಡ್ ಅವಳಿಗೆ ಬಂತು, ಲೈಟುಗಳು ನನಗೆ ಬಂದವು. ವೈರುಗಳನ್ನು ಕೂಡ ಮೊಳ ಹಾಕಿ ಹಂಚಿದರು. ಕೊನೆಗೆ ಕಂಪ್ಯೂಟರ್ ಬಿಚ್ಚಿಸಿ ಒಳಗೆ ಇಣುಕಿದರು. "ವಿಡಿಯೋ ಇರೋ ಡಿಸ್ಕು ಎರಡು ಇದ್ಯಲ್ಲಮ್ಮ, ಒಬ್ಬೊಬ್ಬರಿಗೆ ಒಂದೊಂದು. ಮುಗೀತಲ್ಲ" ಅಂದರು.

ಎಲ್ಲಿ ಮುಗಿಯುತ್ತದೆ! ಆ ಎರಡು ಡಿಸ್ಕು ನೋಡಲಿಕ್ಕಷ್ಟೇ ಎರಡು. ವಿಡಿಯೋ ಬೇಗ ಬೇಗ ಓಡಲಿ ಅಂತ ನಾನೇ ಒಂದು ರೇಡ್ ಕಾರ್ಡ್ ಹಾಕಿ ಎರಡನ್ನೂ ಜೋಡಿಸಿದ್ದೆ. ಆ ಕಾರ್ಡು ಪ್ರತಿ ಫೈಲನ್ನೂ ಚೂರು ಮಾಡಿ ಒಂದು ಚೂರನ್ನು ಇದರಲ್ಲಿ, ಮುಂದಿನ ಚೂರನ್ನು ಅದರಲ್ಲಿ ಬರೆಯುತ್ತ ಹೋಗುತ್ತದೆ. ಒಂದು ಪುಸ್ತಕದ ಬೆಸ ಸಾಲುಗಳೆಲ್ಲ ಒಬ್ಬರ ಹತ್ತಿರ, ಸಮ ಸಾಲುಗಳೆಲ್ಲ ಇನ್ನೊಬ್ಬರ ಹತ್ತಿರ ಇದ್ದ ಹಾಗೆ. ಒಂದೇ ಡಿಸ್ಕು ಇಟ್ಟುಕೊಂಡವರು ಅದನ್ನು ಪೇಪರ್ ಹಾರದ ಹಾಗೆ ಮೇಲೆ ಇಡಬಹುದು, ಅಷ್ಟೆ. ಇದು ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಹೇಳಲಿ ಅಂತ ನಾನು, ನಾನು ಹೇಳಲಿ ಅಂತ ಅವಳು, ಇಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಮಾವ ಕೈ ಕೊಡವಿಕೊಂಡು ಹೊರಟುಹೋದರು.

ಆಗ ನನಗೆ ಒಳಗೊಳಗೇ ಸಮಾಧಾನವೇ ಆಗಿತ್ತು. ಅವಳು ತೆಗೆದದ್ದೆಲ್ಲ ಅದರಲ್ಲಿದೆ. ಒಂದಲ್ಲ ಒಂದು ದಿನ ಬೇಕಾಗುತ್ತದೆ, ಬೇಕಾದಾಗ ಈ ಮೆಟ್ಟಿಲು ಹತ್ತಿ ಬಂದೇ ಬರುತ್ತಾಳೆ, ಬರದೆ ಎಲ್ಲಿಗೆ ಹೋಗುತ್ತಾಳೆ ಅಂದುಕೊಂಡೆ. ಸ್ಟುಡಿಯೋ ಮುಚ್ಚಿದ ಮೇಲೂ ಈ ರೂಮು ಬಿಡಲಿಲ್ಲ. ಕೇಳಿದವರಿಗೆಲ್ಲ ಏನೇನೋ ಕಾರಣ ಹೇಳಿದ್ದೇನೆ. ಇದ್ದದ್ದು ಇದೊಂದೇ ಕಾರಣ.

ಗುಬ್ಬಿ ಟೀ ಕುಡಿಯುತ್ತ ಕೇಳಿದಳು, "ಇದನ್ನ ನನ್ನ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದ್ರೆ ಬರಲ್ವಾ?"

"ನಿನ್ನ ಲ್ಯಾಪ್‌ಟಾಪ್‌ಗೆ ಇದರ ಗುರುತು ಪರಿಚಯನೇ ಇಲ್ಲ. ಯಾವ ಚೂರು ಎಲ್ಲಿದೆ ಅಂತ ಗೊತ್ತಿರೋದು ಆ ಕಾರ್ಡಿಗೆ. ಕಾರ್ಡ್ ಮಾತಾಡೋದು ಆ ಹಳೇ ವಿಂಡೋಸ್ ಜೊತೆ ಮಾತ್ರ."

"ನಿಮ್ಮ ಹಾಗೇ ಅನ್ನಿ."

"ಮುಚ್ಚು ಬಾಯಿ. ಆದ ಮೇಲೆ ಫೋನ್ ಮಾಡ್ತೀನಿ."

ಬೇರೆ ದಾರಿಗಳೂ ಇವೆಯಂತೆ, ಹೊಸ ಹುಡುಗರು ಏನೇನೋ ಮಾಡುತ್ತಾರಂತೆ. ಮಾಡಿಕೊಳ್ಳಲಿ. ನನ್ನ ಕೈಗೆ ಗೊತ್ತಿರುವುದು ಈ ದಾರಿ.

ಹಳೆಯ ಕಂಪ್ಯೂಟರನ್ನು ಮಂಚದ ಕೆಳಗಿಂದ ಎಳೆದೆ. ಕಂಪ್ಯೂಟರ್ ಜೊತೆ ನನ್ನ ಪಾಲಿಗೇ ಬಂದಿದ್ದ, ವಿಂಡೋಸ್ ಇದ್ದ ಮೂರನೇ ಡಿಸ್ಕು ಕಟಕಟ ಅಂದು ಪ್ರಾಣ ಬಿಟ್ಟಿತ್ತು. ಅದರ ಬದಲಿಗೆ ಬಜಾರಿನಲ್ಲಿ ಸಿಕ್ಕಿದ್ದು ತೆಳು ವೈರಿನ ಡಿಸ್ಕು, ನನ್ನ ಮದರ್‌ಬೋರ್ಡಿನಲ್ಲಿ ಇರುವುದು ಅಗಲ ಪಟ್ಟಿ ವೈರಿನ ಜಾಗ. ಹಾಗಾಗಿ ಹೊಸ ಡಿಸ್ಕನ್ನೂ ತೆಳು ವೈರಿನ ಜಾಗವಿದ್ದ ಆ ರೇಡ್ ಕಾರ್ಡಿಗೇ ತಗುಲಿಹಾಕಬೇಕಾಯಿತು. ನಮ್ಮಿಬ್ಬರ ಡಿಸ್ಕುಗಳನ್ನು ಮಾತ್ರ ದೂರವೇ ಇಟ್ಟೆ. ಕೈತಪ್ಪಿ ಅವುಗಳ ಮೇಲೆ ವಿಂಡೋಸ್ ಹಾಕಿಬಿಟ್ಟರೆ ಮುಗಿಯಿತು ಕಥೆ. ವಿಂಡೋಸ್ ಸೀಡಿ ಹಾಕಿ ಶುರುಮಾಡಿದೆ. ನೀಲಿ ಪರದೆ ಬಂತು, ನಿಮ್ಮ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕೇ ಇಲ್ಲ ಅಂತು. ಮುಂದೆಯೇ ನೇತಾಡುತ್ತಿರುವುದು ಇದಕ್ಕೆ ಕಾಣುವುದಿಲ್ಲ! ಕಾರ್ಡಿನ ಡ್ರೈವರನ್ನು, ಅಂದರೆ ಅದರ ಭಾಷೆ ಕಲಿಸುವ ಸಣ್ಣ ಪ್ರೋಗ್ರಾಮನ್ನು, ಮೊದಲೇ ಉಣಿಸದಿದ್ದರೆ ಅದು ಹಾಗೆಯೇ.

ಆ ಉಣಿಸುವ ಕೆಲಸ ಇದೆಯಲ್ಲ, ಅದನ್ನು ಮಾಡಿದವರಿಗೇ ಗೊತ್ತು. ಶುರುವಿನಲ್ಲಿ ಪರದೆಯ ತಳದಲ್ಲಿ ಒಂದು ಸಾಲು ಬಂದು ಹೋಗುತ್ತದೆ, ಡ್ರೈವರ್ ಇದ್ದರೆ ಎಫ್ ಸಿಕ್ಸ್ ಒತ್ತಿ ಅಂತ. ಕಣ್ಣು ಮಿಟುಕಿಸಿದರೆ ಹೋಯಿತು, ಮತ್ತೆ ಮೊದಲಿನಿಂದ. ಒತ್ತಿದರೆ ಒತ್ತಿದೆ ಅನ್ನುವ ಸೌಜನ್ಯವೂ ಅದಕ್ಕಿಲ್ಲ. ಕಲ್ಲಿನ ಹಾಗೆ ತನ್ನ ಪಾಡಿಗೆ ತಾನು ಏನೇನೋ ಲೋಡ್ ಮಾಡಿಕೊಳ್ಳುತ್ತಿರುತ್ತದೆ. ಕೇಳಿಸಿತೋ ಇಲ್ಲವೋ ಅಂತ ಗೊತ್ತಾಗದೆ ಕಾಯುತ್ತ ಕೂರಬೇಕು. ಎಷ್ಟೋ ಹೊತ್ತಾದ ಮೇಲೆ, ಮನಸ್ಸು ಬಂದರೆ, ಡ್ರೈವರ್ ಇರುವ ಫ್ಲಾಪಿ ಕೊಡಿ ಅನ್ನುತ್ತದೆ. ಫ್ಲಾಪಿಯೇ ಆಗಬೇಕು. ಪೆನ್‌ಡ್ರೈವ್ ಕೊಟ್ಟರೆ ಮೂಸಿಯೂ ನೋಡುವುದಿಲ್ಲ.

ಕಾರ್ಡಿನ ಜೊತೆ ಬಂದಿದ್ದ ಫ್ಲಾಪಿ ಡಬ್ಬಿಯಲ್ಲಿಯೇ ಇತ್ತು. ಹಾಕಿದೆ. ಗರಗರ ಅಂತು, ಓದಲಾಗುತ್ತಿಲ್ಲ ಅಂತು. ತೆಗೆದು ನೋಡಿದರೆ ಒಳಗೆ ಬೂಷ್ಟು ಹಿಡಿದಿದೆ. ಅದೇ ಡ್ರೈವರ್ ಕಾರ್ಡಿನ ಜೊತೆ ಬಂದಿದ್ದ ಸೀಡಿಯಲ್ಲೂ ಇತ್ತು, ಆದರೆ ಅದನ್ನು ತುಂಬಿಸಲು ಹೊಸ ಫ್ಲಾಪಿ ಎಲ್ಲಿಂದ ತರಲಿ? ಆಗ ನೆನಪಾದವನು ಎಂಬ್ರಾಯ್ಡರಿ ಮಾಸ್ಟರ್. ಪಕ್ಕದ ಕಟ್ಟಡದಲ್ಲಿ ಯೂನಿಫಾರ್ಮುಗಳ ಮೇಲೆ ಕಂಪನಿಗಳ ಲಾಂಛನ ಹೊಲಿಯುತ್ತಾನೆ. ಅವನ ಹೊಲಿಗೆ ಮೆಷಿನ್ನಿಗೆ ಇವತ್ತಿಗೂ ಡಿಸೈನ್ ಹೋಗುವುದು ಫ್ಲಾಪಿಯಲ್ಲೇ.

"ಫ್ಲಾಪಿನಾ? ಏನಕ್ಕ, ಮ್ಯೂಸಿಯಂ ಇಡ್ತಿದ್ದೀರಾ?" ಅಂದ.

"ಮ್ಯೂಸಿಯಂಗೇ ಬಂದಿದ್ದೀನಲ್ಲಪ್ಪ."

ನಕ್ಕು, ಒಂದು ಫ್ಲಾಪಿ ಖಾಲಿ ಮಾಡಿ, ತನ್ನ ಕಂಪ್ಯೂಟರಿನಲ್ಲೇ ನನ್ನ ಸೀಡಿಯಿಂದ ಡ್ರೈವರ್ ತುಂಬಿಸಿಕೊಟ್ಟ. ಮೆಷಿನ್ನಿನ ಸದ್ದಿಗೆ ಜೋರಾಗಿ ಕೇಳಿದ, "ಯಾರಿಗೋಸ್ಕರ ಅಕ್ಕ ಇಷ್ಟೆಲ್ಲ ಒದ್ದಾಟ?"

"ನನ್ನ ತಂಗಿಗೆ."

"ನಿಮಗೆ ತಂಗಿ ಇದ್ದಾರಾ? ಒಂದಿನಾನೂ ಹೇಳಿಲ್ಲವಲ್ಲ. ನಾನು ನಿಮಗೆ ಯಾರೂ ಇಲ್ಲ ಅಂತಲೇ ಅಂದ್ಕೊಂಡಿದ್ದೆ."

ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಥ್ಯಾಂಕ್ಸ್ ಹೇಳಿ ಬಂದೆ. ಮೆಟ್ಟಿಲು ಹತ್ತುವಾಗ ಆ ಮಾತು ಚುಚ್ಚುತ್ತಲೇ ಇತ್ತು.

ಈ ಸಲ ಎಫ್ ಸಿಕ್ಸ್ ಮೇಲೆ ಬೆರಳಿಟ್ಟುಕೊಂಡೇ ಕೂತೆ. ಕಾಯುವಾಗ ನೀಲಿ ಪರದೆಯ ಮುಂದೆ, ತಂಗಿಗೆ ಫೋನಿನಲ್ಲಿ ಆಡಬೇಕಾದ ಮಾತು ರೂಢಿ ಮಾಡಿಕೊಂಡೆ. "ನಾನು ಕಣೇ" ಅನ್ನಲೋ, "ಎಲ್ಲ ಸರಿಹೋಯ್ತು, ಬಾರೇ" ಅನ್ನಲೋ? ಎರಡನೆಯದು ಬೇಡ, ತುಂಬ ಕರೆದ ಹಾಗಾಗುತ್ತದೆ. ಅಷ್ಟರಲ್ಲಿ ಫ್ಲಾಪಿ ಕೇಳಿತು. ಕೊಟ್ಟೆ. ಕಾರ್ಡಿನ ಹೆಸರು ತೋರಿಸಿತು. ಡಿಸ್ಕು ಕಂಡಿತು. ಆದರೂ ಫ್ಲಾಪಿ ತೆಗೆಯುವ ಹಾಗಿಲ್ಲ, ಫೈಲುಗಳನ್ನು ತುಂಬಿಕೊಳ್ಳುವಾಗ ಅದೇ ಡ್ರೈವರನ್ನು ಇನ್ನೊಮ್ಮೆ ಕೇಳುತ್ತದೆ. ಇಲ್ಲದಿದ್ದರೆ ಅಷ್ಟೂ ಕೆಲಸ ನೀರುಪಾಲು. ಕಾದೆ, ಕೇಳಿತು, ಓದಿಕೊಂಡಿತು. ಸಂಜೆಯ ಹೊತ್ತಿಗೆ ವಿಂಡೋಸಿನ ಆ ಹಳೆಯ ಹಸಿರು ಗುಡ್ಡದ ಚಿತ್ರ ಪರದೆಯ ಮೇಲೆ ಬಂತು.

ಆಫ್ ಮಾಡಿ, ನನ್ನ ಡಿಸ್ಕನ್ನೂ ಅವಳ ಡಿಸ್ಕನ್ನೂ ಅಕ್ಕಪಕ್ಕ ಸಿಕ್ಕಿಸಿದೆ. ಇಷ್ಟು ವರ್ಷ ಮೂಲೆಯಲ್ಲಿ ಬಿದ್ದಿದ್ದವುಗಳಲ್ಲಿ ಒಂದು ಸತ್ತಿದ್ದರೂ ಇನ್ನೊಂದು ಇದ್ದು ಉಪಯೋಗವಿಲ್ಲ. ಕಾರ್ಡು ಎರಡನ್ನೂ ಗುರುತು ಹಿಡಿಯಿತು, ಒಂದೇ ಡಿಸ್ಕೆಂದು ತೋರಿಸಿತು. ಫೋಲ್ಡರುಗಳೆಲ್ಲ ಇದ್ದ ಹಾಗೇ ಇದ್ದವು.

ಸೈಕಲ್ಲಿನ ವಿಡಿಯೋ ಹಾಕಿದೆ. ಗುಬ್ಬಿ ಕೆಳಗಿನ ಗಲ್ಲಿಯಲ್ಲಿ ಹ್ಯಾಂಡಲ್ ಅಲ್ಲಾಡಿಸುತ್ತ ಬರುತ್ತಾಳೆ, ಟೈರುಗಳ ರಾಶಿಗೆ ಹೋಗಿ ಗುದ್ದುತ್ತಾಳೆ. ನಾನು ನೋಡಿದ್ದು ಅದನ್ನಲ್ಲ. ಕ್ಯಾಮೆರಾದ ಹಿಂದಿನಿಂದ ನಮ್ಮಿಬ್ಬರ ದನಿ ಬರುತ್ತಿತ್ತು. "ಲೇ, ಮಗುನ ಹಿಡ್ಕೊಳ್ಳೇ, ಆಮೇಲೆ ಶೂಟ್ ಮಾಡೋವಂತೆ" ಅಂತ ನಾನು. "ನೀನು ಹಿಡ್ಕೋ, ನನ್ನ ಕೈ ಖಾಲಿ ಇಲ್ಲ" ಅಂತ ಅವಳು. ಆಮೇಲೆ ಇಬ್ಬರಿಗೂ ನಗು ತಡೆಯಲಾರದೆ ಚಿತ್ರವೆಲ್ಲ ಅಲುಗಾಡುತ್ತದೆ. ನಾನು ಹಾಗೆ ನಗುತ್ತಿದ್ದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಅತ್ತೆ. ಅತ್ತು, ಮುಖ ತೊಳೆದು, ಫೋನ್ ಮಾಡಿದೆ.

"ನಾನು ಕಣೇ."

"ಓ, ಅಕ್ಕಾ! ಹೇಗಿದ್ದೀಯೇ?" ನಿನ್ನೆ ತಾನೇ ಮಾತಾಡಿದ್ದೇವೆ ಅನ್ನುವಷ್ಟು ಹಗುರವಾಗಿತ್ತು ದನಿ. ಹಿಂದೆ ಟಿವಿ ಓಡುತ್ತಿತ್ತು, ಮಗು ಏನೋ ಹಾಡುತ್ತಿತ್ತು.

"ಎರಡೂ ಡಿಸ್ಕು ಸೇರ್ಕೊಂಡ್ವು. ಎಲ್ಲ ಬಂತು."

"ಭಲೇ. ನಿನ್ನ ಕೈಲಿ ಆಗದ್ದು ಯಾವುದಿದೆ ಬಿಡು. ಪೆನ್‌ಡ್ರೈವ್‌ಗೆ ಹಾಕಿ ಗುಬ್ಬಿ ಕೈಲಿ ಕಳಿಸ್ತೀಯಾ? ಇಲ್ಲೇ ಟಿವಿಲಿ ನೋಡ್ತೀವಿ."

ನಾನು ಅಂದುಕೊಂಡೇ ಇರದ ಸುಳ್ಳು ಬಾಯಿಗೆ ಬಂತು. "ಕಾಪಿ ಆಗ್ತಿಲ್ಲ. ಈ ಕಂಪ್ಯೂಟರಿನಲ್ಲಿ ಮಾತ್ರ ಓಡುತ್ತೆ. ನೀನೇ ಒಂದ್ಸಲ ಬಂದು ನೋಡ್ಕೊಂಡು ಹೋಗು."

"ಆಗಲ್ವಾ? ಹಾಗಾದ್ರೆ ಬಿಡೇ ಅಕ್ಕ. ಅದಕ್ಕೋಸ್ಕರ ಯಾಕೆ ಸುಮ್ನೆ ಕಷ್ಟಪಡ್ತೀಯಾ."

"ನೀನು ತೆಗೆದಿದ್ದೆಲ್ಲ ಇದೆ ಇದರಲ್ಲಿ. ಒಂದೂ ಹಾಳಾಗಿಲ್ಲ."

"ಇರಲಿ ಬಿಡು. ಈಗ ಯಾರು ನೋಡ್ತಾರೆ ಅದನ್ನೆಲ್ಲ."

ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. "ಇನ್ನೂ ಸಿಟ್ಟಾ ನನ್ನ ಮೇಲೆ?"

"ಸಿಟ್ಟಾ? ಯಾವುದಕ್ಕೆ?" ಒಂದು ಗಳಿಗೆ ಯೋಚಿಸಿದಳು. ಆಮೇಲೆ ನಕ್ಕಳು, ಒಳ್ಳೆಯ ಮನಸ್ಸಿನಿಂದಲೇ. "ಅಯ್ಯೋ, ಅದಾ? ಅದನ್ನ ಇನ್ನೂ ಮನಸಲ್ಲಿ ಇಟ್ಕೊಂಡಿದ್ದೀಯಾ? ನಾನು ಯಾವತ್ತೋ ಮರೆತೆ ಕಣೇ. ತಡಿ, ಮಗು ಕರೀತಿದೆ. ಇಡ್ಲಾ? ಹುಷಾರಾಗಿರು ಅಕ್ಕ."

ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಸಿಟ್ಟಿಗೆ ಏನು ಮಾಡಬೇಕೆಂದು ನನಗೆ ಗೊತ್ತು. ಅವಳು ಬಯ್ದರೆ ನಾನು ಬಯ್ಯುತ್ತಿದ್ದೆ, ಅವಳು ಅತ್ತರೆ ನಾನೂ ಅಳುತ್ತಿದ್ದೆ. ಆದರೆ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇಷ್ಟು ವರ್ಷ ಈ ರೂಮಿನಲ್ಲಿ ಕೂತು ಅವಳ ಜೊತೆ ಜಗಳವಾಡುತ್ತಿದ್ದವಳು ನಾನೊಬ್ಬಳೇ.

ಮಾರನೆಯ ದಿನ ಎಲ್ಲವನ್ನೂ ಕಾಪಿ ಮಾಡಿದೆ. ಯಾವ ತೊಂದರೆಯೂ ಆಗಲಿಲ್ಲ. ಗುಬ್ಬಿ ಬಂದು, ಸೈಕಲ್ಲಿನ ವಿಡಿಯೋ ನೋಡಿ, ಟೈರಿಗೆ ಗುದ್ದಿದ್ದು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇದನ್ನ ಮಗಳಿಗೆ ತೋರಿಸಿದ್ರೆ ನನ್ನ ಮಾನ ಹೋಗುತ್ತೆ ದೊಡ್ಡಮ್ಮ" ಅಂದಳು. ಆಮೇಲೆ, "ಕಾಪಿ ಆಗಲ್ಲ ಅಂದಿದ್ರಂತಲ್ಲ?"

"ಆಯ್ತು ಹೇಗೋ."

ಪೆನ್‌ಡ್ರೈವ್ ಕೊಟ್ಟೆ. ಅವಳಮ್ಮನ ಡಿಸ್ಕನ್ನು ಬಿಚ್ಚಿ, ಅದೇ ಕಾಲುಚೀಲದೊಳಗೆ ಹಾಕಿ ಮುಂದೆ ಹಿಡಿದೆ. "ಇದನ್ನೂ ತಗೊಂಡು ಹೋಗು. ಇದು ಅವಳ ಪಾಲು."

"ಅದ್ಯಾಕೆ ಇನ್ನು? ಎಲ್ಲ ಇದರಲ್ಲೇ ಇದ್ಯಲ್ಲ." ಪೆನ್‌ಡ್ರೈವನ್ನು ಪರ್ಸಿನ ಜಿಪ್ಪಿನೊಳಗೆ ಹಾಕಿಕೊಂಡಳು. "ಗುಜರಿಗೆ ಹಾಕಿ ಅಂದ್ಲು ಅಮ್ಮ. ಕಾಲುಚೀಲ ಮಾತ್ರ ಕೊಡಿ, ಇನ್ನೊಂದು ಮನೇಲಿದೆ."

ಕಾಲುಚೀಲ ಕೊಟ್ಟೆ. ಗುಬ್ಬಿ ಮೆಟ್ಟಿಲಿಳಿಯುತ್ತಲೇ ಫೋನ್ ಹಚ್ಚಿ, ಸಿಕ್ತಮ್ಮ, ಪೂರ್ತಿ ಸಿಕ್ತು ಅನ್ನುತ್ತಿದ್ದಳು. ಅವಳ ಮಾತು ಟೈರ್ ಅಂಗಡಿಯ ಸದ್ದಿನಲ್ಲಿ ಸೇರಿಹೋಗುವವರೆಗೂ ಬಾಗಿಲಲ್ಲೇ ನಿಂತಿದ್ದೆ. ನನ್ನ ತಂಗಿಗೆ ನನ್ನಿಂದ ಆಗಬೇಕಾದ ಕೆಲಸ ಅಂತ ಲೋಕದಲ್ಲಿ ಇದ್ದದ್ದು ಅದೊಂದೇ. ಅದನ್ನು ಅಚ್ಚುಕಟ್ಟಾಗಿ ಮಾಡಿ ಕಳಿಸಿಬಿಟ್ಟೆ.