ಟೇಪಕ್ಕ ಎಳೆದ ಚೌಕಟ್ಟು

ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಟೇಪಕ್ಕ. ಹದಿನೆಂಟು ವರ್ಷದಿಂದ ಅಂಗಿಗಳ ನಕ್ಷೆ ತೆಗೆಯುವವಳು ಅವಳೊಬ್ಬಳೇ. ಮೊದಲು ಕಾಗದದ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ಹೊಲಿಗೆಗೆ ಎಲ್ಲಿ ಎಷ್ಟು ಬಟ್ಟೆ ಬಿಡಬೇಕೆಂಬ ಅಂಕಿಗಳು ಅವಳ ತಲೆಯಲ್ಲಿದ್ದವು, ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ಮೌಸ್ ಹಿಡಿದೂ ಹಿಡಿದೂ ಬಲ ಮಣಿಕಟ್ಟಿನ ನರ ಕೈಕೊಟ್ಟಿತು. ಆಪರೇಷನ್, ಎರಡು ತಿಂಗಳು ರಜೆ. ಅಷ್ಟು ದಿನ ಆ ಜಾಗಕ್ಕೆ ಯಾರು? ಅವಳ ನಾದಿನಿ. ಬಟ್ಟೆ ಕತ್ತರಿಸುವ ವಿಭಾಗಕ್ಕೆ ಅವಳನ್ನು ಸೇರಿಸಿದ್ದೂ ಟೇಪಕ್ಕನೇ. ಕೈಯಾರೆ ತಂದುಕೊಂಡ ಕುತ್ತು ಎಂದು ಈಗ ಹೊಟ್ಟೆ ಉರಿಯುತ್ತಿತ್ತು.

"ನೀವು ಕಂಪ್ಯೂಟರಲ್ಲಿ ಕೆಲಸ ಮಾಡೋದನ್ನ ಹಾಗೇ ರೆಕಾರ್ಡ್ ಮಾಡಿಡಿ, ಇವಳು ನೋಡಿ ಕಲೀಲಿ," ಎಂದರು ಕಾರ್ಖಾನೆಯ ಯಜಮಾನರು.

ನಾದಿನಿ ಪಕ್ಕದಲ್ಲೇ ನಿಂತು ಬೆಣ್ಣೆಯಂಥ ದನಿಯಲ್ಲಿ, "ಪರದೆ ಪೂರ್ತಿ ಬರೋ ಹಾಗೆ ಇಡಿ ಅತ್ತಿಗೆ. ಕ್ವಾಲಿಟಿ ಹೈ ಇರಲಿ. ಅಂಕಿ ಸಣ್ಣದಾಗಿರುತ್ತೆ ನೋಡಿ," ಎಂದಳು.

ನೋಡಿದಿರಾ, ಅಂಕಿಯ ಮೇಲೇ ಕಣ್ಣು! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡಳು ಟೇಪಕ್ಕ. ಮೇಲೆ ಮಾತ್ರ ನಕ್ಕು, "ಆಗ್ಲಿ ಕಣಮ್ಮಾ, ನೀನು ಹೋಗು," ಎಂದಳು.

ಒಬ್ಬಳೇ ಆದ ಮೇಲೆ ರೆಕಾರ್ಡಿಂಗ್ ತೆರೆದು, ಪರದೆಯಲ್ಲಿ ರೆಕಾರ್ಡ್ ಆಗಬೇಕಾದಷ್ಟು ಜಾಗಕ್ಕೆ ಚೌಕಟ್ಟು ಎಳೆದಳು. ಅಂಕಿಗಳನ್ನು ಬರೆಯುವ ಎಡಗಡೆಯ ಪಟ್ಟಿಯನ್ನು ಹೊರಗೆ ಬಿಟ್ಟು, ಅಲ್ಲಿಂದ ಬಲತುದಿಯವರೆಗೆ ಎಲ್ಲವನ್ನೂ ಒಳಗೆ ತೆಗೆದುಕೊಂಡಳು. ಕೆಲಸ ಮಾಡುವಾಗ ನಕ್ಷೆಯ ಅಂಚಿನಲ್ಲೂ ಅಂಕಿಗಳು ಮೂಡುತ್ತಿದ್ದವಲ್ಲ, ಅವುಗಳಿಗೆ ಮದ್ದಾಗಿ ಕ್ವಾಲಿಟಿಯನ್ನು ತೀರಾ ಕೆಳಕ್ಕೆ ಇಳಿಸಿದಳು. ಮುಗಿದ ಮೇಲೆ ಮೊದಲ ನಿಮಿಷ ಹಾಕಿ ನೋಡಿದರೆ ಮೂರು ಯಾವುದು, ಎಂಟು ಯಾವುದು ಗೊತ್ತಾಗುತ್ತಿರಲಿಲ್ಲ. ಹಾವೂ ಸಾಯಿತು, ಕೋಲೂ ಮುರಿಯಲಿಲ್ಲ. ನೆಮ್ಮದಿಯಾಗಿ ಆಸ್ಪತ್ರೆ ಸೇರಿದಳು.

ಮೂರನೇ ವಾರ ನಾದಿನಿ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. "ಇಷ್ಟು ದಿನ ಹಳೇ ನಕ್ಷೆಗಳಲ್ಲೇ ತಳ್ಳಿದೆ ಅತ್ತಿಗೆ. ಈಗ ಹೊಸ ಸೈಜ್ ಬಂದಿದೆ. ಇದರಲ್ಲಿ ಅಂಕಿ ಕಾಣಿಸ್ತಾ ಇಲ್ಲ," ಎಂದು ವಿಡಿಯೊ ಹಾಕಿದಳು.

ಟೇಪಕ್ಕನ ಕಣ್ಣು ಅಂಕಿಯ ಮೇಲೆ ನಿಲ್ಲಲಿಲ್ಲ. ಚಿತ್ರ ಕಿರಿದಾಗಿತ್ತು. ಬಲಗಡೆ ಒಂದು ಪಟ್ಟಿಯೇ ಮಾಯ.

"ಇದ್ಯಾಕೆ ಹೀಗಿದೆ? ನಾನು ಬಲಗಡೆ ಪೂರ್ತಿ ತಗೊಂಡಿದ್ದೆ. ಕತ್ತರಿಸಿದ್ದು ಯಾರು?"

"ನಾನೇ."

"ಯಾಕೆ? ಏನು ಮುಚ್ಚಿಡ್ತಿದೀಯ ನನ್ನಿಂದ?"

 ನಾದಿನಿ ಮೂಲ ವಿಡಿಯೊ ತೆರೆದು, ಹನ್ನೊಂದನೇ ನಿಮಿಷಕ್ಕೆ ಸರಿಸಿ, ಲ್ಯಾಪ್‌ಟಾಪನ್ನು ಅತ್ತಿಗೆಯ ಕಡೆಗೆ ತಿರುಗಿಸಿದಳು.

ಪರದೆಯ ಬಲಗಡೆ ಕೆಳಮೂಲೆಯಲ್ಲಿ ಟೇಪಕ್ಕನ ಅಕ್ಕನ ಮೆಸೇಜು ಮೂಡಿತು. ಕನ್ನಡಕ ಹುಡುಕುವ ರಗಳೆ ಬೇಡವೆಂದು ಮೊಬೈಲಿನ ಮೆಸೇಜುಗಳು ಕಂಪ್ಯೂಟರಿನಲ್ಲೇ ದೊಡ್ಡ ಅಕ್ಷರದಲ್ಲಿ ಬರುವಂತೆ ಮಾಡಿಟ್ಟಿದ್ದವಳು ಟೇಪಕ್ಕನೇ. ಕ್ವಾಲಿಟಿ ಎಷ್ಟು ಇಳಿದರೂ ಅವಕ್ಕೆ ಏನೂ ಆಗಿರಲಿಲ್ಲ: "ನೀನು ಹೇಳಿದ್ದು ಸರಿ ಕಣೇ, ನಿನ್ನ ನಾದಿನಿ ಕಳ್ಳಿನೇ. ಕುರ್ಚಿ ಬಿಟ್ಟುಕೊಡಬೇಡ."

"ಯಜಮಾನ್ರು ಇದನ್ನ ಎಲ್ಲರ ಮುಂದೆ ದೊಡ್ಡ ಟೀವೀಲಿ ಹಾಕು ಅಂದ್ರು. ನಿಮ್ಮ ಮರ್ಯಾದೆ ಹೋಗ್ತಿತ್ತಲ್ಲ ಅತ್ತಿಗೆ, ಅದಕ್ಕೇ ಆ ಕಡೆ ತೆಗೆದುಬಿಟ್ಟೆ," ಎಂದಳು ನಾದಿನಿ. "ಕುರ್ಚಿ ಹಾಗೇ ಇದೆ. ನಾನು ಸ್ಟೂಲ್ ಹಾಕ್ಕೊಂಡು ಕೂತ್ಕೋತೀನಿ."

 ನಾಚಿಕೆಯಿಂದ ಟೇಪಕ್ಕನ ಮುಖವೆಲ್ಲ ಬಿಸಿಯಾಯಿತು. ತಪ್ಪಾಯಿತು ಎನ್ನಲು ಬಾಯಿ ತೆರೆದರೆ ಆ ಮಾತು ಹೊರಡಲೇ ಇಲ್ಲ. ಹದಿನೆಂಟು ವರ್ಷ ಯಾರಿಗೂ ಬಿಟ್ಟುಕೊಡದ್ದು ಹೊರಟಿತು.

"ಬರ್ಕೋ. ಹೆಗಲಿಗೆ ಮುಕ್ಕಾಲು ಇಂಚು. ಕಂಕುಳಿಗೆ ಅರ್ಧ. ಪಕ್ಕಕ್ಕೆ ಒಂದು."

ನಾದಿನಿ ಪೆನ್ನು ತೆಗೆದಳು. ಬರೆಯಲಿಲ್ಲ. ಪೆನ್ನನ್ನು ಹಾಗೇ ಹಿಡಿದುಕೊಂಡು ಅತ್ತಿಗೆಯ ಮುಖ ನೋಡಿದಳು.

"ಇವು ನಿಜವಾದ ಅಂಕಿನೇ ತಾನೆ, ಅತ್ತಿಗೆ?"