ಕಸ ಬಿಟ್ಟು ಉಳಿದದ್ದೆಲ್ಲ

ಕಾಂಕ್ರೀಟಿನ ಬಲ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಹಳೆಯ ಮೇಲ್ ಸರ್ವರನ್ನು ತೆಗೆದುಹಾಕುವ ವಾರ ಅದು. ಎಲ್ಲರ ಮೇಲ್ ಫೋಲ್ಡರುಗಳನ್ನೂ ಬೇರೊಂದು ಆರ್ಕೈವ್‌ಗೆ ನಕಲು ಮಾಡಿ, ಆಮೇಲೆ ಹಳೆಯ ಡಿಸ್ಕುಗಳನ್ನು ನಾಶ ಮಾಡಬೇಕಿತ್ತು. ಆ ಕೆಲಸ ಕಂಪ್ಯೂಟರ್ ವಿಭಾಗದವನದು. ಮೊದಲು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವನಾದ್ದರಿಂದ ಎಲ್ಲರ ಬಾಯಲ್ಲೂ ಅವನು ಮೇಷ್ಟ್ರು. ಇನ್ನೊಬ್ಬರ ಮೇಲ್ ತೆರೆದು ನೋಡುವವನಲ್ಲ. ಫೋಲ್ಡರಿನ ಹೆಸರು ಓದುತ್ತಿದ್ದ, ಅನುಮಾನ ಬಂದರೆ ಫೋನ್ ಮಾಡಿ ಕೇಳುತ್ತಿದ್ದ.

ಯಂತ್ರದ ಕೋಣೆಯ ಗೋಡೆ ಫೋನಿಗೆ ಅವನ ಕರೆ ಬಂದಾಗ ಹಿರಿಯ ಪರೀಕ್ಷಕರು ಒತ್ತುಯಂತ್ರದ ಮುಂದಿದ್ದರು. ನೀರಿನ ತೊಟ್ಟಿಯಿಂದ ತೆಗೆದು ಒರೆಸಿದ ಕಾಂಕ್ರೀಟ್ ಘನವೊಂದು ಎರಡು ಉಕ್ಕಿನ ತಟ್ಟೆಗಳ ನಡುವೆ ಕೂತಿತ್ತು.

"ಸಾರ್, ನಿಮ್ಮದು ಶುರು ಮಾಡಿದೀನಿ. ಈ ಕಸ ಏನ್ ಮಾಡ್ಲಿ?"

"ಕಸಾನಾ? ಅದರ ತಂಟೆಗೆ ಹೋಗ್ಬೇಡಿ ಮೇಷ್ಟ್ರೆ. ಅದನ್ನ ಬಿಟ್ಬಿಡಿ."

"ಸರಿ ಬಿಡಿ. ಎಲ್ಲರೂ ಅದನ್ನೇ ಹೇಳ್ತಾರೆ."

ಈ ಕೊನೆಯ ಮಾತು ಪರೀಕ್ಷಕರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಯಂತ್ರದ ಭಾರ ತೋರಿಸುವ ಮುಳ್ಳು ಮೇಲೇರುತ್ತಿತ್ತು.

ಕಸ ಅವರ ಮಗಳು. ಚಿಕ್ಕವಳಿದ್ದಾಗ ಬೀದಿಯಲ್ಲಿ ಕಂಡದ್ದನ್ನೆಲ್ಲ ಹೆಕ್ಕಿ ತರುತ್ತಿದ್ದಳು: ಒಡೆದ ಗುಂಡಿ, ತಂತಿ ಚೂರು, ಯಾರದೋ ಚಪ್ಪಲಿಯ ಬಕಲ್ಲು. "ಮನೇಲಿರೋ ಕಸ ಸಾಲ್ದೇನೆ?" ಎಂದು ತಾಯಿ ಜೇಬು ಕೊಡವಿದರೆ, "ಮನೇಲಿರೋ ಕಸ ಇವಳೇ ಕಣೇ" ಎಂದು ತಂದೆ ನಗುತ್ತಿದ್ದರು. ಹೆಸರು ಅಂಟಿಕೊಂಡಿತು. ಓದಲು ಬೇರೆ ಊರಿಗೆ ಹೋದ ಮೇಲೆ ಅಪ್ಪನ ಆಫೀಸಿನ ವಿಳಾಸಕ್ಕೆ ಮೇಲ್ ಬರೆಯುತ್ತಿದ್ದಳು, ಏಕೆಂದರೆ ಯಂತ್ರದ ಕೋಣೆಗೆ ಮೊಬೈಲ್ ಒಯ್ಯುವಂತಿರಲಿಲ್ಲ. ಪ್ರತಿ ಮೇಲ್‌ನ ಕೊನೆಗೂ "ಇಂತಿ ನಿಮ್ಮ ಕಸ" ಎಂದಿರುತ್ತಿತ್ತು. ಅವರು ಅವನ್ನೆಲ್ಲ ಅದೇ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದರು. ಹೋದ ವರ್ಷ ಅವಳಿದ್ದ ಬಸ್ಸು ಹೊತ್ತಿ ಉರಿಯಿತು. ಅವಳ ಜೊತೆ ಅವಳ ಫೋನೂ ಅದರಲ್ಲೇ ಹೋಯಿತು. ಅವಳ ಖಾತೆಯ ಪಾಸ್‌ವರ್ಡು ಬೇರೆ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಮೇಷ್ಟ್ರು ರಟ್ಟಿನ ಪೆಟ್ಟಿಗೆ ಹಿಡಿದು ಯಂತ್ರದ ಕೋಣೆಗೆ ಬಂದ.

"ಇವನ್ನ ಪುಡಿ ಮಾಡ್ಸೋಕೆ ಹೊರಗಿನವರಿಗೆ ಕೊಡ್ಬೇಕಂತೆ. ಪುಡಿ ಮಾಡೋದೇ ಕಸುಬಾಗಿರೋ ನೀವು ಇರುವಾಗ ಅವರ್‍ಯಾಕೆ ಸಾರ್?"

"ಎಲ್ಲ ನಕಲಾಗಿದೆಯಾ?"

"ಒಂದೊಂದೂ ತಾಳೆ ನೋಡಿದೀನಿ."

ಪರೀಕ್ಷಕರು ಡಿಸ್ಕುಗಳನ್ನು ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿ ತಟ್ಟೆಗಳ ನಡುವೆ ಇಟ್ಟರು. ಭಾರವನ್ನು ಎಂದಿನಂತೆ ನಿಧಾನವಾಗಿ ಏರಿಸಿದರು. ಕಾಂಕ್ರೀಟು ಸಿಡಿಯುತ್ತದೆ. ಇವು ಮುದುಡಿದವು, ಒಳಗೆಲ್ಲೋ ಗಾಜು ಒಡೆದಂಥ ಸದ್ದಾಯಿತು. "ಫೇಲ್!" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದ. ಇಬ್ಬರೂ ನಕ್ಕರು.

ಆ ಸಂಜೆ ಹೆಂಡತಿ ಬಟ್ಟೆ ಮಡಿಸುತ್ತ, ಮುಖವೆತ್ತದೆ ಹೇಳಿದಳು, "ರೀ, ಅವಳು ಬರೀತಿದ್ದಳಲ್ಲ, ಅವನ್ನ ನಾಳೆ ತನ್ನಿ."

ಅವರು ತಲೆಯೆತ್ತಿ ಅವಳನ್ನು ನೋಡಿದರು. ಇಷ್ಟು ದಿನ ಆ ಮಾತೆತ್ತಿದರೆ, "ಅವಳ ದನಿ ಕೇಳಿಸುತ್ತೆ, ಬೇಡ" ಎಂದು ಎದ್ದು ಹೋಗುತ್ತಿದ್ದವಳು.

"ಓದಿ, ಕೇಳ್ತೀನಿ. ಕೇಳಿಸಿದ್ರೆ ಕೇಳಿಸ್ಲಿ. ಈಗೀಗ ಆ ದನಿ ಮರೆತು ಹೋಗ್ತಿದೆ."

ಬೆಳಿಗ್ಗೆ ಅವರು ಆರ್ಕೈವ್ ತೆರೆದರು. ಒಳಬಂದವು, ಕಳುಹಿಸಿದವು, ವರದಿಗಳು, ಸಿಮೆಂಟು, ಯಂತ್ರದ ರಿಪೇರಿ. ಮೇಲಿನಿಂದ ಕೆಳಗೆ ಓದಿದರು, ಕೆಳಗಿನಿಂದ ಮೇಲೆ ಓದಿದರು. ಹುಡುಕುವ ಪಟ್ಟಿಯಲ್ಲಿ ಎರಡಕ್ಷರ ಟೈಪ್ ಮಾಡಿದರು. ಏನೂ ಬರಲಿಲ್ಲ. ಎದ್ದು ಕಂಪ್ಯೂಟರ್ ವಿಭಾಗಕ್ಕೆ ಹೋದರು.

"ಮೇಷ್ಟ್ರೆ, ಕಸ ಎಲ್ಲಿ?"

"ಬಿಟ್ಟೆನಲ್ಲ ಸಾರ್. ನೀವೇ ಬಿಡಿ ಅಂದ್ರಿ."

"ತೆರೆದು ನೋಡ್ಬೇಡಿ ಅಂದೆ. ಹಾಗೇ ಇರ್ಲಿ ಬಿಡಿ ಅಂದೆ."

"ಬೇಡದ ಮೇಲ್‌ಗಳು ಅಂದ್ಕೊಂಡೆ. ಇಲ್ಲಿ ಅರ್ಧ ಜನ ಅಂಥದ್ದೊಂದು ಫೋಲ್ಡರ್ ಮಾಡಿದಾರೆ ಸಾರ್. ಕಸ ಅಂತಾನೇ." ಅವರ ಮುಖ ನೋಡಿ ದನಿ ಇಳಿಯಿತು. "ಏನಿತ್ತು ಸಾರ್ ಅದರಲ್ಲಿ?"

ಪರೀಕ್ಷಕರು ಹೇಳಿದರು. ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದುಕೊಂಡ. ರಟ್ಟಿನ ಪೆಟ್ಟಿಗೆ ಇನ್ನೂ ಅವನ ಮೇಜಿನ ಕೆಳಗೇ ಇತ್ತು. ಪರೀಕ್ಷಕರು ಬಗ್ಗಿ ಮುದುಡಿದ ಡಿಸ್ಕೊಂದನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲೇ ಇಟ್ಟರು. ಎಂಥ ಭಾರಕ್ಕೆ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಎಂಬುದನ್ನು ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

"ನೀವು ಬರೆದ ಉತ್ತರಗಳು ಇರ್ತವೆ ಸಾರ್, ಕಳುಹಿಸಿದವುಗಳಲ್ಲಿ. ಅದರ ಕೆಳಗೆ ಅವರು ಬರೆದದ್ದೂ ಸೇರ್ಕೊಂಡಿರುತ್ತೆ."

ಉತ್ತರಗಳಿದ್ದವು, ಕೆಳಗೆ ಮಗಳದು ಇರಲಿಲ್ಲ. ಬಂದ ಮಾತನ್ನು ಉತ್ತರದ ಬಾಲಕ್ಕೆ ಕಟ್ಟಿ ವಾಪಸು ಕಳಿಸುವುದು ಅಶಿಸ್ತು ಎಂದು ಕಿರಿಯರನ್ನು ಗದರುತ್ತಿದ್ದವರು ಅವರೇ. ಪ್ರತಿ ಸಲ ಕೆಳಗಿನದನ್ನು ಪೂರ್ತಿ ಅಳಿಸಿ ಕಳಿಸುತ್ತಿದ್ದರು. ಮಗಳಿಗೂ ಹಾಗೆಯೇ.

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಕುರ್ಚಿಗಳನ್ನು ಕಿಟಕಿಯ ಹತ್ತಿರ ಎಳೆದಿದ್ದಳು. ನಡೆದದ್ದನ್ನೆಲ್ಲ ಹೇಳಿ ಅವರು ತಮ್ಮ ಉತ್ತರಗಳನ್ನು ಮುದ್ರಿಸಿ ತಂದ ಹಾಳೆಗಳನ್ನು ಚೀಲದಿಂದ ತೆಗೆದರು. ಅವಳು ಅಳಲಿಲ್ಲ, ರೇಗಲೂ ಇಲ್ಲ.

"ನಿಮ್ಮದಾದ್ರೂ ಓದಿ. ಅವಳು ಏನಂದಿರಬಹುದು ಅಂತ ಅಂದಾಜಾಗುತ್ತೆ."

ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು.

"ಸರಿ."

"ಯಂತ್ರದ ಮುಂದಿದ್ದೇನೆ. ಆಮೇಲೆ ಬರೆಯುವೆ."

"ಆಮೇಲೆ ಬರೆದ್ರಾ?" ಎಂದಳು ಹೆಂಡತಿ.

ಅವರು ಹಾಳೆ ತಿರುವಿದರು. "ಇದರಲ್ಲಿಲ್ಲ."

"ಮುಂದೆ?"

"ಹೊತ್ತಿಗೆ ಸರಿಯಾಗಿ ಊಟ ಮಾಡು."

"ಈಗ ಬೇಡ. ಪರೀಕ್ಷೆ ಮುಗಿಯಲಿ."

"ಏನು ಬೇಡ ಅಂದ್ರಿ?"

"ನೆನಪಿಲ್ಲ ಕಣೇ."

ಅವಳು ತಲೆ ಕಿಟಕಿಗೆ ಒರಗಿಸಿದಳು. ಅವರು ಕೊನೆಯ ಹಾಳೆ ತೆಗೆದರು. ಬಸ್ಸು ಉರಿದದ್ದರ ಹಿಂದಿನ ದಿನದ್ದು. ಕಣ್ಣಲ್ಲೇ ಓದಿ ಮಡಿಸಹೊರಟರು. ಅವಳು ಕೈ ಚಾಚಿ ತಡೆದಳು.

"ಆಗಲಿ. ಅಮ್ಮನಿಗೆ ಹೇಳುತ್ತೇನೆ," ಎಂದು ಓದಿದರು.

ಅವಳು ನೆಟ್ಟಗೆ ಕೂತಳು. "ಏನನ್ನ ರೀ?"

ಅವರು ಹಾಳೆಯ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದರು.

"ಏನು ಹೇಳು ಅಂದಿದ್ಲು ನಂಗೆ? ನೀವು ಹೇಳಿದ್ರಾ?"